ಮಾಳಿಗೆಗೆ ಹೊಸ್ತಿಲಿಲ್ಲ

ನಮ್ಮ ಅತ್ತೆ ಮಾಳಿಗೆಯ ಅಂಚಿನಲ್ಲಿ ಬೋರಲು ಮಲಗಿ, ಬಲಗೈಯನ್ನು ಮೊಣಕೈ ಮಟ ಕಲ್ಲಿನ ದೋಣಿಯೊಳಗೆ ತೂರಿಸಿ, ಎಡಗೆನ್ನೆಯನ್ನು ಮಣ್ಣಿಗೆ ಒತ್ತಿಕೊಂಡಿದ್ದರು. ಮಳೆಯ ನೀರು ಮಾಳಿಗೆಯಿಂದ ಓಣಿಗೆ ಬೀಳುತ್ತಿದ್ದದ್ದು ಆ ದೋಣಿಯಿಂದಲೇ. ಕೈ ಒಂದು ಕಡೆ ಕೆಲಸ ಮಾಡುತ್ತಿತ್ತು, ಬಾಯಿ ಇನ್ನೊಂದು ಕಡೆ. ಅವರ ಮುಖದ ಎದುರಿಗೆ ಅವರ ಒಡಹುಟ್ಟಿದ ತಂಗಿ, ನಮ್ಮ ಸಣ್ಣತ್ತೆ, ಕಸಬರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ನಿಚ್ಚಣಿಕೆಯ ಮೇಲಿನ ಮೆಟ್ಟಿಲಲ್ಲಿ ನಿಂತು ಬುಟ್ಟಿ ಹಿಡಿದಿದ್ದೆ. ಮಾವ ಕೆಳಗೆ ಅಂಗಳದಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದರು.

"ಎಷ್ಟೊತ್ತು ಅದು? ಬಾವಿ ತೋಡಾಕತ್ತೀಯೇನು?" ಎಂದು ಅವರು ಕೂಗಿದರು.

"ಕಟಗೊಂಡದರಿ. ಕೈಗೆ ಸಿಗವಲ್ದು" ಎಂದರು ಅತ್ತೆ.

ದೋಣಿ ಆಗಲೇ ಬರಿದಾಗಿತ್ತು. ಬುಟ್ಟಿ ತುಂಬಿ ನನ್ನ ತೋಳು ಸೋತಿತ್ತು. ಅತ್ತೆ ನನ್ನ ಕಡೆ ಕಣ್ಣು ಹೊಡೆದು ತಂಗಿಯ ಕಡೆ ತಿರುಗಿದರು.

"ನಿನ್ನ ಗಂಡ ಇನ್ನಾ ಗೊರಕಿ ಹೊಡೀತಾನೇನ?"

"ಹೊಡೀತಾನ. ಗ್ವಾಡಿ ದಾಟಿ ನಿನಗ ಕೇಳಂಗಿಲ್ಲೇನಕ್ಕ?"

"ಕೇಳ್ತದ. ಇತ್ತಾಗಿಂದ ನಮ್ಮವರು ಜವಾಬು ಕೊಡ್ತಾರಲ್ಲ. ಅಣ್ಣತಮ್ಮರು ಮಾತಾಡೋದು ಅದೊಂದರಾಗೇ."

ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅತ್ತೆಯನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ನಗು, ಮತ್ತು ಅವರ ಬಿಳಿಗೂದಲಿಗೆ ಅಂಟಿಕೊಂಡ ಬೇವಿನ ಹೂ.

ಕಕ್ಕೇರಾದ ಈ ಅಕ್ಕತಂಗಿಯರನ್ನು ಶಹಾಪುರದ ಅಣ್ಣತಮ್ಮಂದಿರಿಗೆ ಒಂದೇ ಹಂದರದಲ್ಲಿ ಧಾರೆ ಎರೆದಿದ್ದರು. ಒಂದೇ ಮನೆಗೆ ಬಂದರು, ಒಂದೇ ಒಲೆಯ ಮುಂದೆ ಕೂತರು. ಆಮೇಲೆ ಗಂಡಸರಿಗೆ ಜಗಳ ಬಿತ್ತು. ಯಾತಕ್ಕೆ ಎಂದು ಕೇಳಿದರೆ ಮಾವ ಒಂದು ಎತ್ತಿನ ಕಥೆ ಹೇಳುತ್ತಿದ್ದರು; ಅವರ ತಮ್ಮ, ನಮ್ಮ ಕಾಕಾ, ಎತ್ತಿಲ್ಲದ ಬೇರೆಯೇ ಕಥೆ ಹೇಳುತ್ತಿದ್ದರಂತೆ. ಅಂಗಳದ ನಡುವೆ ಗೋಡೆ ಎದ್ದಿತು. ಬೀದಿಬಾಗಿಲು ನಮಗೆ ಉಳಿಯಿತು, ಕಾಕಾ ಹಿಂದಿನ ಓಣಿಗೆ ಹೊಸ ಬಾಗಿಲು ಇಟ್ಟುಕೊಂಡರು. ಒಬ್ಬರ ಹೊಸ್ತಿಲು ಇನ್ನೊಬ್ಬರ ಮನೆಯವರು ದಾಟಬಾರದೆಂದು ಇಬ್ಬರೂ ಅಬ್ಬೆತುಮಕೂರಿನ ಮಠದ ಕಡೆ ಮುಖ ಮಾಡಿ ಆಣೆ ಇಟ್ಟರು. ಹೆಂಡಂದಿರನ್ನು ಯಾರು ಕೇಳಿದರು?

ಆದರೆ ಮಾಳಿಗೆಯನ್ನು ಪಾಲು ಮಾಡಲು ಆಗಲಿಲ್ಲ. ಜಂತಿ ಒಂದೇ, ಇಳಿಜಾರು ಒಂದೇ, ದೋಣಿಯೂ ಒಂದೇ. ಕಾಕಾನ ಪಾಲಿನ ನೀರು ನಮ್ಮ ಪಾಲಿನ ಮೇಲೆ ಹರಿದೇ ಹೊರಗೆ ಬೀಳಬೇಕು. ಹಿಂದಿನ ಓಣಿಯ ಬೇವಿನ ಮರ ಎರಡು ಪಾಲಿನ ಮೇಲೂ ಕೊಂಬೆ ಚಾಚಿತ್ತು. ಹಾಗಾಗಿ ದೋಣಿ ತೆಗೆಯುವ ಕೆಲಸ ಎರಡೂ ಮನೆಗೆ ಸೇರಿದ್ದೆಂದು ಓಣಿಯ ಹಿರಿಯರು ತೀರ್ಮಾನ ಮಾಡಿದ್ದರು. ಕಸದ ಕೆಲಸವಲ್ಲವೇ, ಗಂಡಸರು ಅದನ್ನು ಹೆಂಗಸರಿಗೆ ಬಿಟ್ಟರು.

"ಆಣಿ ಇಟ್ಟದ್ದು ಹೊಸ್ತಿಲಕ್ಕ. ಮಾಳಗಿಗಿ ಹೊಸ್ತಿಲ ಎಲ್ಲದ ತೋರಸು?" ಎನ್ನುತ್ತಿದ್ದರು ಅತ್ತೆ.

ಸಂತೆಯಲ್ಲಿ ಎದುರಾದರೆ ಅಕ್ಕತಂಗಿಯರು ಕಣ್ಣಲ್ಲೇ ಮಾತಾಡಿ ಸರಿದುಹೋಗುತ್ತಿದ್ದರು. ಮದುವೆ ಮುಂಜಿಗಳಲ್ಲಿ ಬೇರೆ ಬೇರೆ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಮೊಬೈಲು ಬಂದ ಮೇಲೆ ನಾನು ಹಚ್ಚಿಕೊಡಲೇ ಎಂದು ಕೇಳಿದ್ದುಂಟು. "ಅದರಾಗ ಆಕಿ ಕೈ ಹ್ಯಾಂಗ ಹಿಡೀಲಿ?" ಎಂದು ಅತ್ತೆ ತಲೆಯಾಡಿಸಿದರು. ಅವರಿಗೆ ಇದ್ದದ್ದು ಆ ದೋಣಿಯೊಂದೇ.

ನಾನು ಕೊಂಕಲ್‌ನಿಂದ ಸೊಸೆಯಾಗಿ ಬಂದ ಮೊದಲ ವರ್ಷ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಶಿವರಾತ್ರಿಯಾದ ಮೇಲೆ ಬೇವು ಎಲೆ ಉದುರಿಸಿ ಮಾಳಿಗೆ ತುಂಬ ಹಳದಿ ಹಾಸಿಗೆಯಾಗಿತ್ತು. ಅತ್ತೆ ಗುಡಿಗೆ ಹೋಗಿದ್ದಾಗ ನಾನು ಹುರುಪಿನಿಂದ ಹತ್ತಿ, ಗುಡಿಸಿ, ದೋಣಿಯೊಳಗೆ ಕೋಲು ಹಾಕಿ ಕೆದರಿ, ಕೊಡ ನೀರು ಸುರಿದು ತೊಳೆದುಬಿಟ್ಟೆ. ಅತ್ತೆ ಬಂದು ನೋಡಿದರು. ಅವರ ಮುಖ ಇಳಿದುಹೋಯಿತು.

"ಶಾಣ್ಯಾಕಿ ಇದ್ದಿ ಬಿಡು" ಎಂದರು. ಅಷ್ಟೇ. ಒಳಗೆ ಹೋಗಿ ಪುಂಡಿಪಲ್ಯದ ಗಡಿಗೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು. ತಂಗಿಗೆಂದು ಮಾಡಿದ್ದ ಪಲ್ಯವದು.

ಮರುದಿನ ಮಾವ ಹೊಲಕ್ಕೆ ಹೋದ ಮೇಲೆ ನಾನು ಅಂಗಳಕ್ಕೆ ಬಂದರೆ, ಅತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ನಿಚ್ಚಣಿಕೆ ಹತ್ತುತ್ತಿದ್ದರು. ಬುಟ್ಟಿಯ ತುಂಬ ಬೇವಿನ ಎಲೆ! ಖಾಲಿ ಬುಟ್ಟಿ ಮೇಲೆ ಹೋಗಿ ತುಂಬಿದ ಬುಟ್ಟಿ ಕೆಳಗೆ ಬರುವುದನ್ನು ಕಂಡಿದ್ದೆ. ಈ ಉಲ್ಟಾ ಲೆಕ್ಕ ಕಂಡಿರಲಿಲ್ಲ.

"ಅತ್ತೀ, ಏನ್ ಮಾಡಾಕತ್ತೀರಿ?"

"ದೋಣಿ ಕಟ್ಟಾಕತ್ತೀನಿ" ಎಂದರು, ಹಿಟ್ಟು ನಾದುತ್ತಿದ್ದೇನೆ ಎಂದಷ್ಟೇ ಸಲೀಸಾಗಿ. "ನಾಳಿ ತಗೀಬೇಕಲ್ಲ. ಕೆಳಗ ಹಿಡಿ, ನಿಚ್ಚಣಿಕಿ ಅಲಗಾಡಾಕತ್ತದ."

ನಾನು ಹಿಡಿದೆ. ಅಂದಿನಿಂದ ನಾವು ಅತ್ತೆ ಸೊಸೆ ಎನ್ನುವುದಕ್ಕಿಂತ ಒಂದೇ ಕಳ್ಳತನದ ಪಾಲುದಾರರಾದೆವು.

ದೋಣಿ ತೆಗೆಯಲು ಸರಿಯಾದ ಕಾಲ ಯಾವುದು ಎಂಬುದರ ಮೇಲೆ ನಮ್ಮ ಮನೆಯಲ್ಲಿ ಪ್ರತಿವರ್ಷ ವಾದ ನಡೆಯುತ್ತಿತ್ತು. ಬೇವಿನ ಹೂ ಪೂರಾ ಉದುರಬೇಕು, ರೋಹಿಣಿ ಮಳೆ ಇನ್ನೂ ಬಂದಿರಬಾರದು, ಆ ನಡುವೆ ಒಮ್ಮೆ ತೆಗೆದರೆ ಸಾಕು ಎಂದು ಮಾವ ಹೇಳುತ್ತಿದ್ದರು. ಮಾವನ ಮಾತೇ ಖರೆ. ಆದರೆ ಅತ್ತೆ ಒಪ್ಪಬೇಕಲ್ಲ.

"ಎಲಿ ಉದುರಿದ ಮ್ಯಾಲ ಒಮ್ಮಿ ತಗೀಬೇಕು. ಹೂ ಉದುರಿದ ಮ್ಯಾಲ ಒಮ್ಮಿ. ಹಣ್ಣು ಬಿದ್ದ ಮ್ಯಾಲ ಒಮ್ಮಿ. ಗಾಳಿ ಬಿಟ್ರ ಮತ್ತೊಮ್ಮಿ."

"ಗಾಳಿ ಬಿಡದಿದ್ರ?"

"ಗುಬ್ಬಿ ಗೂಡ ಕಟ್ಟಿರ್ತಾವಲ್ಲರಿ."

ಹತ್ತುವಾಗ ಅವರ ಉಡಿಯಲ್ಲಿ ಸಜ್ಜೆರೊಟ್ಟಿ, ಪಲ್ಯ. ಇಳಿಯುವಾಗ ಅದೇ ಉಡಿಯಲ್ಲಿ ಸಣ್ಣತ್ತೆ ಕುಟ್ಟಿದ ಗುರೆಳ್ಳು ಹಿಂಡಿ. ಅವತ್ತು ಮಾವ ಆ ಪುಡಿಯನ್ನು ರೊಟ್ಟಿಗೆ ಎರಡು ಸಲ ಹಾಕಿಸಿಕೊಂಡು, "ಕೈ ಹತ್ತೇದ ಇವತ್ತ" ಎಂದು ಹೊಗಳುತ್ತಿದ್ದರು. ಯಾರ ಕೈ ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಒಂದು ವರ್ಷ ಆರಿದ್ರಾ ಮಳೆ ಹಿಡಿದು ಬಿಡಲಿಲ್ಲ. ಮಾಳಿಗೆ ಸೋರಿ ಮಾವನ ಹಾಸಿಗೆ ತೊಯ್ದಿತು. ಮಳೆ ನಿಂತ ಕೂಡಲೇ ಅವರು ಗೌಂಡಿಯನ್ನು ಕರೆತಂದರು. ಮಾಳಿಗೆಯ ನಡುವೆ ಮೊಣಕಾಲೆತ್ತರದ ಕಟ್ಟೆ ಎದ್ದಿತು. ಕಲ್ಲಿನ ದೋಣಿ ಕಿತ್ತು, ಆ ಕಡೆಗೊಂದು ಈ ಕಡೆಗೊಂದು ದಪ್ಪ ಪೈಪು ಕೂಡಿಸಿ, ಬಾಯಿಗೆ ಜಾಳಿಗೆ ಬಿಗಿದರು. "ಅವರ ನೀರು ಅವರಿಗಿ, ನಮ್ಮ ನೀರು ನಮಗ" ಎಂದರು ಮಾವ.

ಅತ್ತೆ ಗೌಂಡಿಗೆ ಚಹಾ ಕೊಡುತ್ತ ಕೇಳಿದರು: "ಇದು ಕಟಗೊಳ್ಳಂಗಿಲ್ಲೇನಪ್ಪ?"

"ಏ ಇಲ್ರೀ ಯವ್ವಾ. ನೀವು ಸಾಯೋತನ ಹತ್ತಿ ನೋಡೂದೇ ಬ್ಯಾಡ."

"ಛಲೋ ಆತು" ಎಂದರು ಅತ್ತೆ.

ಆಮೇಲೆ ಅವರು ಮಾಳಿಗೆ ಹತ್ತಲಿಲ್ಲ. ಸುಮ್ಮನೆ ಹತ್ತಿ ಹೋಗಬಾರದೇ ಎಂದು ನಾನು ಎಷ್ಟೋ ಸಲ ಅಂದೆ. "ಸುಳ್ಳು ಹೇಳಾಕರ ಒಂದು ಕೆಲಸ ಬೇಕಲ್ಲ ಯವ್ವಾ" ಎನ್ನುತ್ತಿದ್ದರು. ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಆ ಕಡೆ ಸಣ್ಣತ್ತೆ ಬೀಸುವ, ಕುಟ್ಟುವ ಸಪ್ಪಳ ಕೇಳುತ್ತಿತ್ತು. "ಇವತ್ತ ಜ್ವಾಳ ಹಸನ ಮಾಡಾಕತ್ತಾಳ," "ಕೆಮ್ಮು ಬಂದದ ಆಕಿಗಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಎರಡು ಬೇಸಿಗೆ ಹೀಗೆ ಹೋದವು. ಮೂರನೆಯದರಲ್ಲಿ ಅತ್ತೆ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದರು. ಯಾದಗಿರಿಯ ದವಾಖಾನೆಯಿಂದ ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದರು. ಯುಗಾದಿ ಕಳೆದಿತ್ತು. ಒಂದು ಮುಂಜಾನೆ ನನ್ನ ಕೈ ಹಿಡಿದು ಕೇಳಿದರು:

"ಹೂ ಉದುರಿದ್ವೇನ ಯವ್ವಾ?"

"ಉದುರ್ಯಾವ್ರಿ ಅತ್ತಿ."

"ದೋಣಿ ನೋಡಬೇಕಲ್ಲ..."

ನೋಡಲು ದೋಣಿ ಎಲ್ಲಿತ್ತು? ನಾನು ಸೆರಗು ಸಿಕ್ಕಿಸಿಕೊಂಡು ಬೀದಿಬಾಗಿಲಿಗೆ ಬಂದೆ. ಮಾವ ಹೊರಗಿನ ಕಟ್ಟೆಯ ಮೇಲಿದ್ದರು.

"ಎಲ್ಲಿಗಿ?"

"ಕಾಕಾರ ಮನಿಗ್ರಿ. ಸಣ್ಣತ್ತಿನ ಕರ್ಕೊಂಡು ಬರ್ತೀನಿ."

"ಆಣಿ ಅದ."

"ನೀವು ಆಣಿ ಇಟ್ಟಾಗ ನಾ ಕೊಂಕಲ್‌ನ್ಯಾಗ ಇದ್ದೆನ್ರಿ ಮಾವಾ."

ಅವರು ಬೈಯುತ್ತಾರೆಂದು ಕಾದೆ. ಅವರು ಎಲೆ ತೆಗೆದು ಸುಣ್ಣ ಸವರತೊಡಗಿದರು. ನಾನು ಓಣಿ ಸುತ್ತಿ ಹೋಗಿ ಕರೆದೆ. ಸಣ್ಣತ್ತೆ ಹಿಟ್ಟಿನ ಕೈಯಲ್ಲೇ, ಚಪ್ಪಲಿ ಇಲ್ಲದೆ ಬಂದರು. ನಮ್ಮ ಬಾಗಿಲ ಮುಂದೆ ಬಂದಾಗ ಕಾಲು ಮುಂದೆ ಬರಲಿಲ್ಲ. ಮಾವ ಕಟ್ಟೆಯಿಂದ ಇಳಿದು, ಪಕ್ಕಕ್ಕೆ ಸರಿದು ನಿಂತರು.

"ಬಾಗಲ ಸಣ್ಣದದ. ತಲಿ ನೋಡ್ಕೊಂಡು ಬಾ" ಎಂದರು. ಮದುಮಗಳಾಗಿ ಅದೇ ಬಾಗಿಲಿಂದ ಸೇರಕ್ಕಿ ಒದ್ದು ಒಳಬಂದವರಿಗೆ.

ಅತ್ತೆ ತಂಗಿಯನ್ನು ನೋಡಿ ನಂಬಲಿಲ್ಲ. "ಏ ಸಣ್ಣಾಕಿ, ಯಾ ಕಡಿಂದ ಬಂದಿ?"

"ಬಾಗಲದಿಂದ ಬಂದೀನಕ್ಕ."

"ಅವರು?"

"ಬಾ ಅಂದ್ರು."

ಅತ್ತೆ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಮದಲೇ ಅಂದಿದ್ರ ನನ್ನ ಮೊಣಕೈ ಉಳೀತಿತ್ತಲ್ಲ!" ಎಂದರು. ಸಣ್ಣತ್ತೆ ನಗುತ್ತ ಅಳುತ್ತ ಅಕ್ಕನ ಮೊಣಕೈಯನ್ನು ಹಿಟ್ಟಿನ ಕೈಯಿಂದ ಸವರಿದರು. ಅಲ್ಲಿ ಚರ್ಮ ದಡ್ಡುಗಟ್ಟಿ ಕಪ್ಪಾಗಿತ್ತು.

ಅಂದಿನಿಂದ ಸಣ್ಣತ್ತೆ ದಿನಾ ಬಂದರು. ರೋಹಿಣಿ ಮಳೆ ಬರುವ ಮುಂಚೆ ಅತ್ತೆ ಹೋದರು. ತಂಗಿಯ ತೊಡೆಯ ಮೇಲೆ ತಲೆ ಇತ್ತು.

ಸಂಸಾರ ಮಾಡುವುದನ್ನು, ಮಾತು ಆಡುವುದನ್ನು, ಒಳ್ಳೆಯದಕ್ಕೆ ಸುಳ್ಳು ಹೇಳಿದರೆ ಕಣ್ಣು ಮಿಟುಕಿಸದೆ ಹೇಳಬೇಕೆಂಬುದನ್ನು ನನಗೆ ಕಲಿಸಿದವರು ಅವರು. ಈಗಲೂ ಶಿವರಾತ್ರಿ ಕಳೆದು ಎಲೆ ಉದುರತೊಡಗಿದರೆ ಅಂಗಳದಲ್ಲಿ ನಿಂತು ಮೇಲೆ ನೋಡುತ್ತೇನೆ. ಮಾಳಿಗೆಯ ಅಂಚು ಬರಿದಾಗಿರುತ್ತದೆ. ಯಾರಾದರೂ ಒಮ್ಮೆ "ಕೆಳಗ ಹಿಡಿ" ಎಂದು ಕೂಗಲಿ ಅನಿಸುತ್ತದೆ.

ಅವರು ಹೋದ ಮರುವರ್ಷ, ಬೇವು ಹೂಬಿಟ್ಟ ದಿನಗಳಲ್ಲಿ, ಮಾವ ಅದೇ ಗೌಂಡಿಯನ್ನು ಕರೆಸಿದರು.

"ಮಾಳಗಿ ಮ್ಯಾಲಿನ ಕಟ್ಟಿ ತಗೀ. ನೀರು ನಿಂದ್ರಾಕತ್ತದ" ಎಂದರು.

ಗೌಂಡಿ ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನನ್ನು ನೋಡಿದ. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ನಾನು ನಿಚ್ಚಣಿಕೆ ತಂದು ಕೊಟ್ಟೆ. ಹಾರೆಯ ಸಪ್ಪಳ ಕೇಳಿ ಆ ಕಡೆಯಿಂದ ಕಾಕಾ ಹತ್ತಿ ಬಂದರು. ಏನು ಎತ್ತ ಎಂದು ಕೇಳದೆ ಕಲ್ಲು ಎತ್ತಿಕೊಡಲು ನಿಂತರು. ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಹೋಯಿತು. ಒಡೆದ ಮಣ್ಣನ್ನು ನಾನೂ ಸಣ್ಣತ್ತೆಯೂ ಸಂಜೆಯವರೆಗೆ ಬುಟ್ಟಿಗೆ ತುಂಬಿ ಇಳಿಸಿದೆವು.