ರೊಟ್ಟಿಯ ಸಪ್ಪಳ

ನಮ್ಮ ಮನೆಯಲ್ಲಿ ಅಪ್ಪನನ್ನು ಊಟಕ್ಕೆ ಯಾರೂ ಕರೆಯುತ್ತಿರಲಿಲ್ಲ. ಗಂಡನ ಹೆಸರು ಹೇಳಬಾರದು, ಅವನನ್ನು ಕೂಗಿ ಕರೆಯಬಾರದು ಎಂದು ಅವ್ವನಿಗೆ ಬಬಲೇಶ್ವರದ ತವರಿನಲ್ಲೇ ಕಲಿಸಿ ಕಳಿಸಿದ್ದರು. ಅವಳು ರೊಟ್ಟಿ ಬಡಿಯತೊಡಗಿದರೆ ಆ ಸಪ್ಪಳವೇ ಕರೆ. ಹೊರಗೆ ಕಟ್ಟೆಯ ಮೇಲೆ ಕೂತ ಅಪ್ಪ ಎದ್ದು ಕೈಕಾಲು ತೊಳೆಯುತ್ತಿದ್ದ.

ಅಪ್ಪನ ಕೆಲಸ ಇಬ್ರಾಹಿಂಪುರದಲ್ಲಿ, ರೈಲುಹಳಿಯ ಪಕ್ಕದ ಜಿನ್ನಿನಲ್ಲಿ. ಹತ್ತಿಯಿಂದ ಬೀಜ ಬಿಡಿಸಿ ಅರಳೆ ಮಾಡುವ ಯಂತ್ರದ ಮುಂದೆ ದಿನವಿಡೀ ನಿಲ್ಲುವುದು. ಯುದ್ಧದ ಕಾಲ. ತಿಕೋಟಾ ಕಡೆಯ ಹತ್ತಿಬಂಡಿಗಳು ಸಾಲುಗಟ್ಟಿದವೆಂದರೆ ಯಂತ್ರಗಳಿಗೆ ಬಿಡುವಿಲ್ಲ. ಸಂಜೆ ಮನೆಗೆ ಬಂದ ಮೇಲೂ ಕಿವಿಯೊಳಗೆ ಜೀರುಂಡೆ ಕೂಗುತ್ತವೆ ಎನ್ನುತ್ತಿದ್ದ. ಆಮೇಲೊಂದು ವರ್ಷದಿಂದ ಹಾಗೆನ್ನುವುದನ್ನೇ ಬಿಟ್ಟ. ಯಂತ್ರದ ಸದ್ದು ಈಗ ಏನೂ ಅನ್ನಿಸುವುದಿಲ್ಲ ಎಂದು ಹೆಮ್ಮೆಪಟ್ಟ.

ನಾನಾಗ ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದವನು. ಕಿವಿಗೆ ಅರಳೆ ಇಟ್ಟುಕೋ, ಸುತ್ತ ರಾಶಿಯೇ ಬಿದ್ದಿದೆಯಲ್ಲ ಎಂದು ವಾದಕ್ಕೆ ಕೂತೆ. ಅಪ್ಪ ಒಮ್ಮೆ ಇಟ್ಟುಕೊಂಡಿದ್ದನಂತೆ. ಬಾಗಿಲು ಕಾಯುವವನು ತಡೆದು, ಮಾಲಕರ ಹತ್ತಿ ಕಿವಿಯೊಳಗೆ ಸಾಗಿಸುತ್ತೀಯಾ ಎಂದನಂತೆ. ಜೊತೆಯವರು ವಾರಗಟ್ಟಲೆ ನಕ್ಕರಂತೆ.

"ಹೊಸಾ ಎತ್ತಿನ ಹೆಗಲ ಮೊದಲ ಹುಣ್ಣಾಕ್ಕೈತಿ, ಆಮ್ಯಾಲ ದಡ್ಡಗಟ್ಟತೈತಿ," ಎಂದ ಅಪ್ಪ. "ಕಿವೀನೂ ಹಂಗ. ನನ್ನೂ ಪಳಗ್ಯಾವ."

"ಹೆಗಲಿಗೆ ತೊಗಲ ಐತಿ ಯಪ್ಪಾ. ಕಿವಿಯೊಳಗಿಂದು ಒಮ್ಮೆ ಸತ್ತರ ಸತ್ತಂಗ."

"ಒಳಗ ಹೊಕ್ಕು ನೋಡಿ ಬಂದೀಯೇನಲೇ?"

ನೋಡಿರಲಿಲ್ಲ. ಕಣ್ಣಾರೆ ಕಾಣದ್ದನ್ನು ನಂಬಬೇಡಿ ಎಂದು ಓಣಿಗೆಲ್ಲ ಸಾರುತ್ತಿದ್ದವನು ನಾನೇ. ನನ್ನ ಅಸ್ತ್ರವನ್ನೇ ಕಸಿದುಕೊಂಡು ಅಪ್ಪ ಎದ್ದುಹೋದ. ಮರುದಿನ ಅವನ ಅಂಗಿಯ ಕಿಸೆಯಲ್ಲಿ ಅರಳೆಯ ಎರಡು ಉಂಡೆ ಇಟ್ಟೆ. ಸಂಜೆ ಎರಡೂ ಇಟ್ಟಂತೆಯೇ ಇದ್ದವು.

ಆ ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವ್ವ ರೊಟ್ಟಿ ಬಡಿಯತೊಡಗಿದಳು. ಅಪ್ಪ ಏಳಲಿಲ್ಲ. ಅವಳು ಜೋರಾಗಿ ಬಡಿದಳು. ಅಪ್ಪ ಬೀದಿ ನೋಡುತ್ತ ಕೂತೇ ಇದ್ದ. ಇನ್ನೂ ಜೋರಾಗಿ ಬಡಿದಾಗ ರೊಟ್ಟಿ ನಡುವೆ ಹರಿಯಿತು. ಅವ್ವ ಅದನ್ನು ಮುದ್ದೆ ಮಾಡಿ ಮತ್ತೆ ಮೊದಲಿನಿಂದ ಬಡಿಯತೊಡಗಿದಳು. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ವಾದದಲ್ಲಿ ನಾನೇ ಸರಿಯಾಗಿದ್ದೆ. ಅದನ್ನಿಟ್ಟುಕೊಂಡು ಏನು ಮಾಡಲಿ?

ಹೊರಗೆ ಹೋಗಿ ಅಪ್ಪನ ಹೆಗಲು ಮುಟ್ಟಿದೆ. ಬೆಚ್ಚಿ ತಿರುಗಿದ.

"ಯಾಕಲೇ, ನಿಮ್ಮವ್ವ ಇವತ್ತ ರೊಟ್ಟಿ ಬಡಿಯಂಗಿಲ್ಲೇನು?"

ಒಳಗೆ ಅವ್ವ ಇನ್ನೂ ಬಡಿಯುತ್ತಲೇ ಇದ್ದಳು.