ಅಮ್ಮನ ಕಾಟನ್ ಸೀರೆಯ ನೆರಳು

"ಮೇಡಂ, ಸೀರೆ ಸಖತ್ತಾಗಿ ಬರ್ದಿದೀರ. ಆದ್ರೆ ಇದು ಪಾಲಿಸ್ಟರು."

ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಹೆಂಗಸು ನನ್ನ ತೊಡೆಯ ಮೇಲಿದ್ದ ಚಿತ್ರ ನೋಡಿ ಹೀಗಂದಾಗ ಮೈಯೆಲ್ಲ ಉರಿಯಿತು. ತೀರಿಹೋದ ಅಮ್ಮನ ಹಳೆಯ ಕಾಟನ್ ಸೀರೆಯನ್ನು ಮನೆಯಲ್ಲಿ ಕುರ್ಚಿಯ ಮೇಲೆ ಇಳಿಬಿಟ್ಟು, ಮೂರು ವಾರದಿಂದ ಪೆನ್ಸಿಲ್ಲಿನಲ್ಲಿ ಬಿಡಿಸುತ್ತಿದ್ದೆ. ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿತಂತೆ ಮಡಿಕೆಗಳ ಸಂದಿಗೆ ಕಪ್ಪು ತುಂಬಿ, ಉಬ್ಬಿದ ಕಡೆಯಲ್ಲೆಲ್ಲ ರಬ್ಬರಿನಿಂದ ಬಿಳಿ ಹೊಳಪು ಮೂಡಿಸಿದ್ದೆ. ಆದರೂ ಅದು ಅಮ್ಮನ ಸೀರೆಯಾಗಲು ಒಪ್ಪುತ್ತಿರಲಿಲ್ಲ.

"ನಿಮಗೆ ಹೇಗೆ ಗೊತ್ತು?" ಎಂದೆ, ಸ್ವಲ್ಪ ಗಡುಸಾಗಿಯೇ.

"ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಚೆಕಿಂಗ್ ಮಾಡ್ತೀನಿ, ದಿನಾ ಬಟ್ಟೆ ಸವರೋದೇ ಕೆಲ್ಸ. ಒಗ್ದು ಒಗ್ದು ಮೆತ್ತಗಾದ ಕಾಟನ್ನು ಹಿಂಗೆ ಹೊಳೆಯಲ್ಲ ಮೇಡಂ, ಬೆಳಕನ್ನ ಕುಡ್ಕೊಂಡ್ಬಿಡುತ್ತೆ. ಒಂಚೂರು ಮುಟ್ಲಾ?"

ಚಿತ್ರವನ್ನು ಆಕೆಯತ್ತ ಸರಿಸಿದೆ. ಆಕೆ ಹೆಬ್ಬೆರಳನ್ನು ಕಪ್ಪಿನ ಮೇಲೆ ಉಜ್ಜಿ, ಅಂಟಿದ ಮಸಿಯನ್ನು ನನ್ನ ಬಿಳಿ ಹೊಳಪಿನ ಮೇಲೆ ಮೆಲ್ಲಗೆ ಒತ್ತುತ್ತ ಹೋದರು. ನೋಡನೋಡುತ್ತಲೇ ಹೊಳಪು ಇಂಗಿತು. ಕಾಗದವೇ ಮೆತ್ತಗಾದಂತೆ ಕಂಡಿತು. ನನ್ನ ಮುಂದೆ ಅಮ್ಮನ ಸೀರೆಯಿತ್ತು! ಹೆಸರು ಕೇಳುವಷ್ಟರಲ್ಲಿ ಆಕೆಯ ಬಸ್ಸು ಬಂತು, ಹತ್ತಿ ಹೊರಟೇಹೋದರು.

ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ನೇಯ್ಗೆ ಎಳೆಗಳನ್ನ ಇಷ್ಟು ಸಣ್ಣಗೆ ಯಾವ ಪೆನ್ಸಿಲ್ಲಲ್ಲಿ ತೆಗೆದ್ರಿ?" ಎಂದು ಕೇಳಿದರು. ಬಾಗಿ ನೋಡಿದೆ. ಅವು ಆಕೆಯ ಹೆಬ್ಬೆರಳಿನ ಗೆರೆಗಳು.