ಕಿವಿಗೆ ನೇಮವಿಲ್ಲ

ಧನಪಾಲಣ್ಣನ ವ್ಯಾನು ಮೊದಲು ಕಿವಿಗೆ ಕೇಳುತ್ತಿತ್ತು, ಆಮೇಲೆ ಕಣ್ಣಿಗೆ ಕಾಣುತ್ತಿತ್ತು. ಚಿಕ್ಕೋಡಿ ಸುತ್ತಲಿನ ತೋಟದ ಮನೆಗಳಿಂದ ಮಕ್ಕಳನ್ನು ತುಂಬಿಕೊಂಡು ನಮ್ಮ ಶಾಲೆಗೆ ತರುವುದು ಅವನ ಕೆಲಸ. ಒಳಗೆ ಅರ್ಧ ಕನ್ನಡ, ಅರ್ಧ ಮರಾಠಿ, ಪೂರಾ ಗದ್ದಲ. ಅದೇ ಶಾಲೆಯಲ್ಲಿ ಪಾಠ ಹೇಳುವ ನಾನು ಮುಂದಿನ ಸೀಟಿನಲ್ಲಿ ಕೂತು ದಿನಾ ಗದರುತ್ತಿದ್ದೆ.

"ಇರ್ಲಿ ಬಿಡ್ರಿ ಅಕ್ಕೋರ, ಸಾಲ್ಯಾಗ ಹೆಂಗೂ ಬಾಯಿ ಮುಚ್ಚಸ್ತೀರಿ" ಎನ್ನುತ್ತಿದ್ದ ಅವನು.

ಕಳೆದ ಕಬ್ಬಿನ ಹಂಗಾಮಿನಲ್ಲಿ, ಬೇವಿನ ಮರದ ತಿರುವಿಗೆ, ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಜೋರಾಗಿ ಹಾಡು ಹಚ್ಚಿಕೊಂಡು ರಸ್ತೆ ತುಂಬ ಎದುರಿಗೆ ಬಂತು. ಧನಪಾಲಣ್ಣ ವ್ಯಾನನ್ನು ಪಕ್ಕದ ಒಣ ಕಾಲುವೆಗೆ ಇಳಿಸಿದ. ಒಬ್ಬರಿಗೂ ಏನೂ ಆಗಲಿಲ್ಲ. ಮಕ್ಕಳಿಗಂತೂ ಜೋಕಾಲಿ ಆಡಿದ ಖುಷಿ. ಪೆಟ್ಟು ಬಿದ್ದದ್ದು ಅವನಿಗೆ, ಹೊರಗೆ ಕಾಣದ ಜಾಗದಲ್ಲಿ.

"ಹುಡುಗೂರ ಗದ್ದಲದಾಗ ಹಾರ್ನ್ ಕೇಳ್ಲಿಲ್ರಿ" ಎಂದ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದೇ ಇಲ್ಲ ಮಾರಾಯ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಮರುದಿನದಿಂದ ವ್ಯಾನಿನಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ. ಆ ತಿರುವು ಬಂದರೆ ಮಕ್ಕಳು ಉಸಿರು ಕೂಡ ಬಿಗಿ ಹಿಡಿಯುತ್ತಿದ್ದರು. ನಾನು ಬೇಡಿಕೊಂಡಿದ್ದ ಶಾಂತಿ ಸಿಕ್ಕಿತ್ತು, ಆದರೆ ಅದು ನನಗೆ ಒಂದು ದಿನವೂ ಹಿತವಾಗಲಿಲ್ಲ.

ಅವನ ನಿದ್ದೆ ಹಾರಿಹೋಗಿತ್ತು. ಡಾಕ್ಟರು ಗುಳಿಗೆ ಕೊಟ್ಟರು, ಅದು ಉಲ್ಟಾ ನಡೆಯಿತು. ಸಂಜೆ ಬಸದಿಯಲ್ಲಿ ಆರತಿ ನಡೆದಾಗ ಪಕ್ಕದವರ ಹೆಗಲ ಮೇಲೆ ಒರಗುವುದು, ಊರೆಲ್ಲ ಮಲಗಿದಾಗ ಎದ್ದು ಕೂರುವುದು. ಒಂದು ಮುಂಜಾನೆ ನಿಂತ ವ್ಯಾನಿನಲ್ಲಿ ತೂಕಡಿಸಿ ಸ್ಟೇರಿಂಗಿಗೆ ಹಣೆ ಹಚ್ಚಿಬಿಟ್ಟ. ಅಂದೇ ಗೆಳೆಯ ಅಸದನನ್ನು ಕರೆದು ಚಾವಿ ಕೊಟ್ಟ. ಅಸದ ಬಾಡಿಗೆ ಟೆಂಪೊ ಓಡಿಸುವವನು.

"ಜೂನದಾಗ ಸಾಲಿ ಸುರು ಆಗೂದ್ರಾಗ ನನ್ನ ನಿದ್ದಿ ಬರ್ಲಿಲ್ಲಂದ್ರ ಗಾಡಿ ನಿಂದs ಅಸದ. ಮಕ್ಕಳ ಜೀವದ ಮ್ಯಾಲ ನಾ ಆಟ ಆಡೂದಿಲ್ಲ."

ಗಾಡಿ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ನಿಪ್ಪಾಣಿಯಲ್ಲಿ ಕಾಲೇಜು ಓದುವ ಅವನ ಮಗಳು ಸನ್ಮತಿ ಸುದ್ದಿ ತಂದಳು. ಅಲ್ಲೊಂದು ಕಡೆ ಕಿವಿಗೆ ಹೆಡ್‌ಫೋನ್ ಹಾಕಿ ಮೆದುಳಿನ ಅಲೆ ಇಳಿಸುವ ಸದ್ದು ಕೇಳಿಸುತ್ತಾರಂತೆ, ಮನಸ್ಸು ಹಗುರಾಗಿ ನಿದ್ದೆ ಬರುತ್ತದಂತೆ. ಹೆಂಡತಿ ಸುಗಂಧಾ ನಕ್ಕುಬಿಟ್ಟಳು. "ಕಿವ್ಯಾಗ ಸದ್ದ ಬಿದ್ರ ನಿದ್ದಿ ಬರ್ತಿದ್ರ, ನಾ ಇಷ್ಟ ವರ್ಷ ಬೈದಿದ್ದಕ್ಕ ನೀವು ಕುಂಭಕರ್ಣ ಆಗಬೇಕಾಗಿತ್ತ."

ನನಗೂ ಇದು ಟೋಪಿ ಹಾಕುವ ದಂಧೆ ಎನಿಸಿತು. ಜಗಳಕ್ಕೆ ಟೊಂಕ ಕಟ್ಟಿಯೇ ಅವನ ಜೊತೆ ಹೋದೆ.

ತಂಬಾಕಿನ ಘಾಟು ತುಂಬಿದ ಓಣಿಯಲ್ಲಿ, ಬಳೆ ಅಂಗಡಿಯ ಮೇಲಿನ ಕೋಣೆ. ನಡೆಸುವವಳು ಪೂನಮ ಎಂಬ ಹುಡುಗಿ. ಜಗಳಕ್ಕೆ ಅವಳು ಆಸ್ಪದವನ್ನೇ ಕೊಡಲಿಲ್ಲ.

"ಕಾಕಾ, ಇದು ಔಷಧ ಅಲ್ರಿ. ಎರಡು ಕಿವ್ಯಾಗ ಬ್ಯಾರೆ ಬ್ಯಾರೆ ಸದ್ದ ಬಿಡ್ತೀವಿ, ಮೆದುಳು ಅದರ ಬೆನ್ನ ಹತ್ತಿ ಶಾಂತ ಆಗ್ತೈತಿ ಅಂತಾರ. ಕೆಲವರಿಗೆ ಹಿತ ಅನಸ್ತೈತಿ, ಕೆಲವರಿಗೆ ಏನೂ ಆಗೂದಿಲ್ಲ. ಗಾಡಿ ಓಡಸೂವಾಗಂತೂ ಹಾಕ್ಕೋಬ್ಯಾಡ್ರಿ. ಗುಳಿಗಿ ಏನರ ತಗೋತೀರೇನು?"

"ಹೌದವಾ. ಊಟ ಆದ ಮ್ಯಾಲ ತಗೋರಿ ಅಂದಾರ ಡಾಕ್ಟರು."

"ಊಟ ಯಾವಾಗ ಮಾಡ್ತೀರಿ?"

"ಹೊತ್ತ ಮುಳುಗೂದ್ರಾಗ. ಆಮ್ಯಾಲ ನಾವು ಜೈನರು ನೀರ ಸುದ್ದಾ ಮುಟ್ಟೂದಿಲ್ಲ."

ಪೂನಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಿದ್ದೆಯ ಗುಳಿಗೆಯನ್ನು ಈ ಪುಣ್ಯಾತ್ಮ ಬಿಸಿಲಿದ್ದಾಗಲೇ ನುಂಗುತ್ತಿದ್ದ. "ನಮ್ಮಜ್ಜೀನೂ ಹಿಂಗs ಮಾಡಿದ್ಲು" ಎಂದು ಪೂನಮ ನಕ್ಕಳು. "ಮೊದಲ ಡಾಕ್ಟರ ಹತ್ರ ಹೋಗ್ರಿ."

ಧನಪಾಲಣ್ಣನಿಗೆ ನಾಚಿಕೆಯಾಯಿತು. "ಹೊಟ್ಟಿಗೆ ನೇಮ ಐತವಾ, ಕಿವಿಗಿಲ್ಲ. ಅದಕ್ಕs ಇಲ್ಲಿಗೆ ಬಂದೆ" ಎಂದ.

ಡಾಕ್ಟರು ತಲೆ ಚಚ್ಚಿಕೊಂಡು ನಕ್ಕರು. ಗುಳಿಗೆಯನ್ನು ಮೆಲ್ಲಗೆ ಕಡಿಮೆ ಮಾಡುತ್ತ ಬಿಡಿಸಿದರು. ಸದ್ದು ಕೇಳುವುದಾದರೆ ಸಣ್ಣಗೆ ಇಟ್ಟು ಕೇಳಿ, ದೊಡ್ಡ ಆಸೆ ಇಟ್ಟುಕೊಳ್ಳಬೇಡಿ, ಆದರೆ ಕಾಲುವೆಯ ಮಾತು ಮನಸ್ಸಿನಲ್ಲೇ ಇಟ್ಟು ಕೊರಗಬೇಡಿ ಎಂದರು.

ಪೂನಮ ಫೋನಿಗೆ ಹಾಕಿಕೊಟ್ಟ ಸದ್ದನ್ನು ಮೊದಲ ಸಲ ಕೇಳಿ ಅವನು ಹೆಡ್‌ಫೋನ್ ಕಿತ್ತಿಟ್ಟ. "ಬೋರಿನ ಮೋಟಾರ ಗುಂಯ್ ಅಂದಂಗ ಆಗ್ತೈತ್ರಿ. ಯಾರರ ಬಂದ್ ಮಾಡ್ರಿ ಅನಸ್ತೈತಿ." ಆದರೂ ಬಿಡಲಿಲ್ಲ. ದಿನಾ ರಾತ್ರಿ ಸದ್ದು ಹಚ್ಚಿ ಫೋನು ದೂರ ಇಟ್ಟು, ಕಣ್ಣು ಮುಚ್ಚಿ, ಸುಮ್ಮನೆ ಬಿದ್ದುಕೊಂಡ. ಅದು ಮುಗಿದ ಮೇಲೆ ಸುಗಂಧಾಳ ಜೊತೆ ಕಾಲುವೆಯ ಮಾತು ತೆಗೆಯುತ್ತಿದ್ದ. ಬೈಯುವುದರಲ್ಲಿ ಪಳಗಿದ ಅವಳು ಆಗ ಮಾತ್ರ ಸುಮ್ಮನೆ ಕೇಳುತ್ತಿದ್ದಳು.

ನಿದ್ದೆ ಬಂತು. ತಂದವರು ಯಾರು ಎಂಬ ವ್ಯಾಜ್ಯ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಸನ್ಮತಿ ಸದ್ದು ಎನ್ನುತ್ತಾಳೆ, ಸುಗಂಧಾ ಗುಳಿಗೆ ಬಿಟ್ಟದ್ದು ಎನ್ನುತ್ತಾಳೆ. ನನಗಂತೂ ಹೆಂಡತಿ ಕೇಳಿಸಿಕೊಂಡದ್ದೇ ದೊಡ್ಡದು ಎನಿಸುತ್ತದೆ. ಖಾತ್ರಿ ಯಾರಿಗೂ ಇಲ್ಲ.

ಜೂನಿನಲ್ಲಿ ಡಾಕ್ಟರು ಒಪ್ಪಿದ ಮೇಲೆ ಅಸದ ಚಾವಿ ತಂದುಕೊಟ್ಟ. "ತಗೋಪಾ, ನಿನ್ನ ಹುಡುಗೂರನ್ನ ನೀನs ಸಂಬಾಳಸು. ಇವರ ಸಲುವಾಗಿ ಈಗ ನನ್ನ ನಿದ್ದಿ ಹೋಗೇತಿ."

ಶಾಲೆಯ ಮೊದಲ ದಿನ. ಬೇವಿನ ಮರ ಕಾಣುತ್ತಲೇ ಹಿಂದೆ ಗಪ್ಪಾಯಿತು. ಧನಪಾಲಣ್ಣ ವ್ಯಾನು ನಿಧಾನ ಮಾಡಿದ. ಎದುರಿಗೆ ಯಾರೂ ಇರಲಿಲ್ಲ. ತಿರುವು ದಾಟಿ ಪಕ್ಕಕ್ಕೆ ನಿಲ್ಲಿಸಿದ.

"ಅಕ್ಕೋರ, ಅವತ್ತ ಆ ಟ್ರ್ಯಾಕ್ಟರನವ ಹಾರ್ನ್ ಹೊಡದೇ ಇಲ್ಲ, ಅಲ್ರಿ?"

"ಇಲ್ರಿ. ಆವಾಗಿಂದ ಅದನ್ನs ಹೇಳಾಕತ್ತೀನಿ."

ಅವನು ಕಾಲುವೆ ಕಡೆ ನೋಡಿದ. ಆಮೇಲೆ ಹಿಂದಕ್ಕೆ ತಿರುಗಿದ.

"ಹಂಗಾರ ನಿಮ್ಮದೇನ ತಪ್ಪ ಇಲ್ರೋ. ಯಾಕ ಬಾಯಿಗೆ ಬೀಗ ಹಾಕ್ಕೊಂಡೀರಿ?"

ಮಕ್ಕಳು ನಿಜವೋ ಸುಳ್ಳೋ ಎಂದು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಅಷ್ಟೇ ಸಾಕಾಯಿತು, ಗಾಡಿಯ ತಗಡು ಕಿತ್ತುಹೋಗುವ ಹಾಗೆ ಗದ್ದಲ ಎದ್ದಿತು. ಧನಪಾಲಣ್ಣ ಗೇರು ಹಾಕಿದ, ನಾನು ಅಂದು ಯಾರನ್ನೂ ಗದರಲಿಲ್ಲ.